ಹದಿಮೂರೂಕಾಲು ಇಂಚಿನ ನಿರ್ಣಯ

ದ್ಯಾವಣ್ಣ,

ನೀನು ಕಲಿಸಿದ ಕ್ರಮದಲ್ಲೇ ಶುರು ಮಾಡುತ್ತೇನೆ. ಮೊದಲು ಕೊಡುತ್ತೇವೆ ಎಂದದ್ದು ಏನು, ಆಮೇಲೆ ಕೊಡದೆ ಉಳಿದದ್ದು ಏನು.

ರೇಂಜಿನ ಕಮಿಟಿಯವರು ಕೊಡುತ್ತೇವೆ ಎಂದದ್ದು: ಭಾನುವಾರ ಬೆಳಿಗ್ಗೆ ರೈಫಲ್ ರೇಂಜಿನಲ್ಲಿ ಗುರಿ ಹೊಡೆಯಲು ನಮ್ಮ ಸಂಘಕ್ಕೊಂದು ಸಾಲು. ಕಲಿಯುವವರಿಗೆ ರೇಂಜಿನದೇ ಒಂದು ರೈಫಲ್ಲು. ಹೇಳಿಕೊಡಲು ಒಬ್ಬ ಕೋಚು. ಹೆಂಗಸರು ಬಟ್ಟೆ ಬದಲಿಸಲು ಒಂದು ಕೋಣೆ.

ಕೊಡದೆ ಉಳಿದದ್ದು: ಸಾಲು ಹಳೆಯ ಸದಸ್ಯರಿಗೆ ಬೇಕು ಎಂದರು. ರೈಫಲ್ಲು ರಿಪೇರಿಗೆ ಹೋಗಿದೆ ಎಂದರು, ಎರಡು ವರ್ಷವಾದರೂ ಅದು ಬರಲಿಲ್ಲ. ಕೋಚು ಒಂದು ದಿನ ಬಂದ, ನಮ್ಮ ಚಪ್ಪಲಿಗಳನ್ನು ನೋಡಿದ, ಹೋದ. ಕೋಣೆಗೆ ಬೀಗವಿತ್ತು. ಕೀ ಯಾರ ಹತ್ತಿರ ಇದೆ ಎಂದು ಇಡೀ ರೇಂಜಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಕೊನೆಗೆ ನೀನು ಗುದ್ದಾಡಿ ಪಡೆದದ್ದು ಒಂದು ಷರತ್ತು. ನಿಮ್ಮ ರೈಫಲ್ಲು ನೀವೇ ತನ್ನಿ. ಆರು ತಿಂಗಳು ಕಲಿಯಿರಿ. ಆಮೇಲೆ ಕಮಿಟಿಯವರ ಎದುರು ಒಂದೇ ದಿನ ನಿಮ್ಮಲ್ಲಿ ನಾಲ್ಕು ಜನ ಹತ್ತು ಗುಂಡಿನಲ್ಲಿ ನೂರಕ್ಕೆ ಎಪ್ಪತ್ತು ಅಂಕ ಹೊಡೆದರೆ ಸಾಲು ನಿಮ್ಮದು, ಇಲ್ಲದಿದ್ದರೆ ಗೇಟು ಆ ಕಡೆ ಇದೆ. ಆ ದಿನ ಬರುವ ಮೊದಲೇ ನೀನು ಹೋಗಿಬಿಟ್ಟೆ. ಅಂದು ಏನಾಯಿತು ಎಂದು ಹೇಳುವುದಕ್ಕೇ ಈ ಕಾಗದ. ತಿಂಗಳುಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡು, ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ. ಅಷ್ಟರಿಂದಲೇ ನಿನಗೆ ಅರ್ಧ ತಿಳಿದಿರಬೇಕು. ಉಳಿದರ್ಧದಲ್ಲಿ ನನ್ನದೊಂದು ತಪ್ಪಿದೆ. ಅದನ್ನು ದಾಟಿಕೊಂಡು ಹೋಗಲು ನೀನು ಬಿಡುವವನಲ್ಲ.

ಪೆರಂಬೂರಿನ ರೈಲ್ವೆ ಇನ್‌ಸ್ಟಿಟ್ಯೂಟಿನ ಹಿಂದಿನ ಕಟ್ಟೆಯ ಮೇಲೆ ನೀನು ಮೊದಲ ಸಲ ರೈಫಲ್ಲಿನ ಮಾತೆತ್ತಿದ ಸಂಜೆ ನೆನಪಿದೆಯಾ? ನಾನು ಕರಪತ್ರದ ಪ್ರೂಫು ತಿದ್ದುತ್ತಾ ಕೂತಿದ್ದೆ. ನೀನು ರೈಲಿನ ಬೋಗಿ ತಯಾರಿಸುವ ಕಾರ್ಖಾನೆಯ ಮರಗೆಲಸದ ಶಾಪಿನಿಂದ ನೇರ ಬಂದಿದ್ದೆ, ತಲೆಯ ಮೇಲೆಲ್ಲ ಮರದ ಪುಡಿ. “ಕೆಂಪಮ್ಮ, ನಮ್ಮೋರೆಲ್ಲ ಸೇರಿ ಒಂದು ಪಾಯಿಂಟ್ ಟೂ-ಟೂ ರೈಫಲ್ಲು ತಗೊಳ್ಳಾನ. ಭಾನುವಾರ ಗುರಿ ಹೊಡೆಯಾನ” ಎಂದೆ. ನಾನು ಪ್ರೂಫು ಕೆಳಗಿಟ್ಟು ನಿನ್ನ ಮುಖ ನೋಡಿದೆ. ಕೋಲಾರದ ಕಡೆಯ ನಮ್ಮ ಊರುಗಳಲ್ಲಿ ಬಂದೂಕು ಇದ್ದದ್ದು ಒಂದೇ ಮನೆಯಲ್ಲಿ. ಅದರ ಬಾಯಿ ಯಾವ ಕೇರಿಯ ಕಡೆ ತಿರುಗುತ್ತದೆ ಎಂದು ನಮ್ಮಪ್ಪನಿಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. “ಯಾರಿಗೆ ಹೊಡೆಯೋಕೆ ಅಣ್ಣಾ?” ಎಂದೆ. “ಕಾಗದಕ್ಕೆ” ಎಂದೆ ನೀನು. “ಐವತ್ತು ಮೀಟ್ರು ದೂರದಾಗೆ ಒಂದು ಕಾಗದ ಇರ್ತದೆ. ಅದಕ್ಕೆ ಹೊಡೀತೀವಿ. ಆಮೇಲೆ ಟೀ ಕುಡೀತೀವಿ. ಅಷ್ಟೇ.”

ಅಷ್ಟೇ ಎನ್ನುವುದೇ ನನಗೆ ಅರ್ಥವಾಗಲಿಲ್ಲ. ಕೂಲಿ ಕೇಳಿದ್ದೇವೆ, ಕ್ವಾರ್ಟರ್ಸು ಕೇಳಿದ್ದೇವೆ, ಬಡ್ತಿ ಕೇಳಿದ್ದೇವೆ. ಆಟ ಕೇಳಿದ್ದೇವಾ? ರೈಲ್ವೆಯವರ ಪ್ರಾದೇಶಿಕ ಸೇನೆಯ ಶಿಬಿರದಲ್ಲಿ ಹುಡುಗನಾಗಿದ್ದಾಗ ಹತ್ತು ಗುಂಡು ಹೊಡೆದಿದ್ದೆಯಂತೆ ನೀನು. ಆ ಹತ್ತು ಗುಂಡು ಹೊಡೆಯುವಷ್ಟು ಹೊತ್ತು ತಲೆಯೊಳಗೆ ಯಾವ ಫೋರ್‌ಮನ್ನಿನ ದನಿಯೂ ಕೇಳಲಿಲ್ಲವಂತೆ. “ಅಂಥಾ ಹೊತ್ತು ನಮ್ಮೋರಿಗೂ ಬೇಕಲ್ಲಮ್ಮ” ಎಂದು ಕಟ್ಟೆಯಿಂದ ಎದ್ದು ಹೋದೆ.

ಮೌಂಟ್ ರೋಡಿನ ಆ ಹಳೆಯ ಬಂದೂಕಿನ ಅಂಗಡಿಗೆ ನಾವು ನಾಲ್ವರು ಹೋದ ದಿನ ಅಂಗಡಿಯವನ ಮುಖ ಹೇಗಿತ್ತು? ಲೈಸೆನ್ಸು ನಮ್ಮ ಸಂಘದ ಹೆಸರಿಗೆ ಬರುವುದಕ್ಕೆ ಹನ್ನೊಂದು ತಿಂಗಳು ಹಿಡಿದಿತ್ತು. ಅದರಲ್ಲಿ ಎರಡು ತಿಂಗಳು ನನ್ನ ಧರಣಿ ಕೇಸುಗಳನ್ನು ವಿವರಿಸುವುದರಲ್ಲೇ ಹೋಗಿತ್ತು. ಅವನು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, “ಯಾರುಕ್ಕು ಸಾರ್? ಲೇಡೀಸ್ಕಾ?”, ಹೆಂಗಸರಿಗಾ ಎಂದು ಕೇಳಿ, ಮೇಲೆ ದುರ್ಬೀನು ಕೂರಿಸಿದ ಹೊಳೆಹೊಳೆಯುವ ಒಂದು ಹಗುರ ರೈಫಲ್ಲನ್ನು ಮುಂದಿಟ್ಟ. ರೈಲ್ವೆ ಆಸ್ಪತ್ರೆಯ ಆಯಾ ಮೇರಿಯಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, ಮೂವತ್ತು ವರ್ಷದಿಂದ ಸ್ಟ್ರೆಚರ್ ಎತ್ತುತ್ತಿದ್ದೇನೆ, ಭಾರದ ವಿಷಯ ನನಗೆ ಹೇಳಬೇಡ ಎಂದು ತಮಿಳಿನಲ್ಲೇ ಬಾಯಿ ಮುಚ್ಚಿಸಿದಳು. ನಮ್ಮ ಫಿಟ್ಟರ್ ಸೆಲ್ವಂ ಮಾತ್ರ ದುರ್ಬೀನಿಗೆ ಕಣ್ಣು ಹಚ್ಚಿ, ಎದುರು ರಸ್ತೆಯ ಬಸ್ಸಿನ ನಂಬರು ಓದುತ್ತಾ ಮೈಮರೆತಿದ್ದ. “ಇದನ್ನೇ ತಗೋಳ್ಳೋಣ ಅಣ್ಣೇ, ಸೂಪರಾ ಇದೆ.”

ನೀನು ಅದನ್ನು ಅವನ ಕೈಯಿಂದ ಬಿಡಿಸಿ ಕೆಳಗಿಟ್ಟೆ. ಮೂಲೆಯಲ್ಲಿದ್ದ ಹಳೆಯದೊಂದನ್ನು ಕೇಳಿದೆ. ಯಾರೋ ಬಳಸಿ ಬಿಟ್ಟದ್ದು, ದಪ್ಪ ನಳಿಗೆ, ಒಂದು ಸಲಕ್ಕೆ ಒಂದೇ ಗುಂಡು, ದುರ್ಬೀನಿಲ್ಲ, ಕಣ್ಣಿಟ್ಟು ನೋಡಲು ಒಂದು ಸಣ್ಣ ತೂತು. “ಭಾರ ಇದ್ರೆ ಅಳ್ಳಾಡಲ್ಲ. ಒಂದೇ ಗುಂಡು ಅಂದ್ರೆ ಯೋಚ್ನೆ ಮಾಡಿ ಹೊಡೀತೀರ. ತೂತಿನಾಗೆ ನೋಡೋದು ಕಲಿತ ಕಣ್ಣು ಆಮೇಲೆ ಏನು ಬೇಕಾದ್ರೂ ನೋಡ್ತದೆ. ಮೊದಲ್ನೇ ರೈಫಲ್ಲಿಗೆ ಇಷ್ಟೇ ಬೇಕಾಗಿರೋದು.” ಆಮೇಲೆ ನಮ್ಮೆಲ್ಲರಿಗೂ ಕಣ್ಣು ಮುಚ್ಚಿಸಿ, ಅದನ್ನು ಭುಜಕ್ಕೆ ಕೊಡಿಸಿ, ಈಗ ಬಿಡಿ ಕಣ್ಣ ಎಂದೆ. ಕಣ್ಣು ಬಿಟ್ಟಾಗ ತೂತು ತಾನಾಗಿ ಕಣ್ಣೆದುರು ಬಂದಿದ್ದರೆ ಅದು ನಿಮ್ಮ ರೈಫಲ್ಲು ಎಂದು ನಿನ್ನ ಪರೀಕ್ಷೆ. ಒಬ್ಬರಿಗೂ ಬರಲಿಲ್ಲ. ನನಗಂತೂ ತೂತು ಎಲ್ಲಿದೆ ಎಂದೇ ಕಾಣಲಿಲ್ಲ. “ಪರವಾಗಿಲ್ಲ, ಭುಜದ ಮರ ಸರಿ ಮಾಡ್ಕೋಬೋದು. ನಾನು ಬಡಗಿ ಅಲ್ವಾ” ಎಂದು ನಕ್ಕೆ. ನಿನ್ನ ಆ ಮಾತಿನಂತೆಯೇ ನಡೆದಿದ್ದರೆ…

ಆ ಭಾನುವಾರದ ಸಭೆಯಲ್ಲಿ ನೀನು ಟೇಪು ತಂದು, ಗುರಿ ಹೊಡೆಯಲು ಹೆಸರು ಕೊಟ್ಟಿದ್ದ ಒಂಬತ್ತು ಜನರ ಕೈ ಅಳೆದೆ. ಮೊಣಕೈ ಮಡಿಕೆಯಿಂದ ತೋರುಬೆರಳಿನ ಗೆಣ್ಣಿನವರೆಗೆ. ಭುಜಕ್ಕೆ ಒರಗುವ ಮರದ ತುದಿಯಿಂದ ಟ್ರಿಗರಿಗೆ ಅಷ್ಟೇ ದೂರ ಇರಬೇಕಂತೆ. ನಾನು ಎಲ್ಲರಿಗಿಂತ ಗಿಡ್ಡಿ, ಹನ್ನೊಂದೂಮುಕ್ಕಾಲು. ಸೆಲ್ವಂ ತೆಂಗಿನ ಮರ, ಹದಿನಾಲ್ಕೂವರೆ. ಉಳಿದವರು ನಡುವೆ. ಯಾರಿಗೆ ಬೇಕಾದಂತೆ ಹೇಗೆ ಮಾಡಬಹುದು ಎಂದು ನೀನು ಇನ್ನೂ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ನಾನು ಎದ್ದು ನಿಂತೆ. ನನಗೆ ಎದ್ದು ನಿಲ್ಲುವುದನ್ನು ಕಲಿಸಿದವನು ನೀನೇ ಅಲ್ಲವಾ?

ನಾನು ಏನು ಭಾಷಣ ಮಾಡಿದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಮ್ಮೂರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರು. ಕೆರೆಯಲ್ಲಿ ಬೇರೆ ಮೆಟ್ಟಿಲು. ಇವನಿಗೊಂದು ಅಳತೆ, ಅವನಿಗೊಂದು ಅಳತೆ ಎಂಬುದರಿಂದಲೇ ನಾವು ಇಷ್ಟು ಕಾಲ ಹಾಳಾದದ್ದು. ಇವತ್ತು ನಮ್ಮ ಕೈಯಿಂದಲೇ ಅದನ್ನು ಶುರು ಮಾಡುವುದಾ? ಒಂದು ರೈಫಲ್ಲು, ಒಂದು ಅಳತೆ, ಒಂಬತ್ತು ಜನಕ್ಕೂ ಅದೇ. ಎಲ್ಲರ ಕೈಯನ್ನೂ ಕೂಡಿಸಿ ಒಂಬತ್ತರಿಂದ ಭಾಗಿಸಿದೆ. ಹದಿಮೂರೂಕಾಲು ಇಂಚು ಬಂತು. ಮರವನ್ನು ಅಷ್ಟಕ್ಕೆ ಕುಯ್ಯಬೇಕೆಂದು ನಿರ್ಣಯ ಮಂಡಿಸಿದೆ.

“ಬೇರೆ ಲೋಟದ ಮಾತೇ ಬೇರೆ, ಬೇರೆ ಕೈಯಿನ ಮಾತೇ ಬೇರೆ ಕಣಮ್ಮ” ಎಂದೆ ನೀನು. “ಹದಿಮೂರೂಕಾಲು ಮಾಡಿದ್ರೆ ಒಬ್ರಿಗೆ ಸರಿಹೋಗ್ತದೆ. ಎಂಟು ಜನಕ್ಕೆ ಹೋಗಲ್ಲ.”

ಆ ಒಬ್ಬರು ಯಾರು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. “ಇದು ಟೇಪಿನ ವಿಷಯ ಅಲ್ಲ ದ್ಯಾವಣ್ಣ, ತತ್ವದ ವಿಷಯ” ಎಂದೆ. ಚಪ್ಪಾಳೆ ಬಿತ್ತು. ಕೈ ಎತ್ತಿಸಿದೆವು. ಎಂಟು ಕೈ ಪರ, ಒಂದು ಕೈ ವಿರೋಧ. ಸೋತವನು ನೀನು, ಮರುದಿನ ಗರಗಸ ಹಿಡಿದವನೂ ನೀನೇ. ಮನಸ್ಸಿಲ್ಲದ ಕೆಲಸವೆಂದು ಒಂದು ಗೆರೆ ಆಚೀಚೆ ಮಾಡಲಿಲ್ಲ. ಹದಿಮೂರೂಕಾಲು ಎಂದರೆ ಹದಿಮೂರೂಕಾಲು, ಕುಯ್ದ ಜಾಗಕ್ಕೆ ಅರಗು ಮೆತ್ತಿ, ಉಜ್ಜಿ, ಮಗುವಿನ ಕೆನ್ನೆ ಹಾಗೆ ಮಾಡಿ ತಂದುಕೊಟ್ಟೆ.

ರೇಂಜಿನಲ್ಲಿ ಆಮೇಲೆ ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲವಾ? ಊರಾಚೆ ಲೋಕಲ್ ರೈಲು ಇಳಿದು ಅರ್ಧ ಗಂಟೆ ನಡೆದು ಹೋಗಿ, ಚಾಪೆಯ ಮೇಲೆ ಬೋರಲು ಮಲಗಿ, ರೈಫಲ್ಲನ್ನು ಭುಜಕ್ಕೆ ಕೊಟ್ಟರೆ ಟ್ರಿಗರಿಗೆ ಬೆರಳು ಸಿಗುತ್ತಿರಲಿಲ್ಲ. ಬೆರಳು ಸಿಕ್ಕರೆ ಭುಜ ತಪ್ಪುತ್ತಿತ್ತು. ಕತ್ತನ್ನು ಆಮೆಯ ಹಾಗೆ ಮುಂದಕ್ಕೆ ಚಾಚಿ ತೂತು ಹುಡುಕುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ನಲವತ್ತು, ನಲವತ್ತೆರಡು, ಒಂದು ಸಲ ಮೂವತ್ತೊಂದು. ಟಾರ್ಗೆಟ್ಟಿನ ಕಾಗದಕ್ಕಿಂತ ಹಿಂದಿನ ಮಣ್ಣಿನ ದಿಣ್ಣೆಗೇ ಹೆಚ್ಚು ಗುಂಡು ಹೋದವು. ಆದರೂ ಬಾಯಿ ಬಿಡಲಿಲ್ಲ. ನಿರ್ಣಯ ತಂದವಳೇ ಉದ್ದವಾಯಿತು ಎಂದು ಗೊಣಗುವುದಾ? ಗಿಡ್ಡಿ ಹೆಂಗಸು ರಿಯಾಯಿತಿ ಕೇಳಿದಳು ಎಂದು ಆ ರೇಂಜಿನ ಸೆಕ್ರೆಟರಿ ಮೀಸೆಯಡಿ ನಗುವುದಾ?

ನಿನ್ನನ್ನು ಕೊನೆಯ ಸಲ ನೋಡಿದ ಭಾನುವಾರ ನೀನು ನನ್ನ ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಮೆಲ್ಲಗೇ ಹೇಳಿದೆ. “ನಿಂಗೆ ಉದ್ದ ಆಯ್ತು ಕೆಂಪಮ್ಮ. ನಿರ್ಣಯ ವಾಪಸ್ ತಗೋ. ಇನ್ನೂ ಎರಡು ತಿಂಗಳೈತೆ, ಮರ ಸರಿ ಮಾಡ್ಕೊಡ್ತೀನಿ.” ನಾನು ಎದ್ದು ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಎಂಟು ಜನ ಸೇರಿ ಮಾಡಿದ್ದನ್ನ ಒಬ್ಬನಿಗೋಸ್ಕರ ವಾಪಸ್ ತಗೋಬೇಕಾ? ಸೋತ ಸಿಟ್ಟು ಇನ್ನೂ ಇಳಿದಿಲ್ವಾ ನಿಂಗೆ?” ನೀನು ಮಂಡಿ ಹಿಡಿದುಕೊಂಡು ಎದ್ದೆ. “ಸರಿ ಬುಡಮ್ಮ” ಎಂದೆ. ಟೀ ಕುಡಿಯಲಿಲ್ಲ, ಮುಂಚೆಯೇ ರೈಲಿಗೆ ಹೋದೆ. ಹತ್ತು ದಿನಕ್ಕೆ ಶಾಪಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಆ ಹತ್ತು ದಿನದಲ್ಲಿ ನಿನ್ನ ಕ್ವಾರ್ಟರ್ಸಿನ ಮುಂದೆ ಎರಡು ಸಲ ಹಾದುಹೋಗಿದ್ದೆ. ಒಳಗೆ ಬರಬಹುದಿತ್ತು. ಬರಬಹುದಿತ್ತು, ಅಷ್ಟೇ…

ನಿನ್ನ ಶ್ರದ್ಧಾಂಜಲಿ ಸಭೆಗೆ ಎರಡು ಮಾತು ಬರೆದುಕೊಳ್ಳೋಣ ಎಂದು ಸಂಘದ ಫೈಲು ತೆಗೆದೆ. ನಿರ್ಣಯದ ಕಾಗದದ ಹಿಂದೆ ಪಿನ್ನು ಹಾಕಿ ನಿನ್ನ ಅಳತೆ ಚೀಟಿ ಇತ್ತು. ಒಂಬತ್ತು ಹೆಸರು, ಒಂಬತ್ತು ಅಳತೆ, ನಿನ್ನ ಬಡಗಿ ಪೆನ್ಸಿಲಿನ ದಪ್ಪ ಅಕ್ಷರ. ಅಂದು ಕೂಡಿಸುವ ಭರದಲ್ಲಿ ಮೊತ್ತ ಮಾತ್ರ ನೋಡಿದ್ದೆ, ಸಾಲು ನೋಡಿರಲಿಲ್ಲ. ಕೊನೆಯ ಸಾಲು: ದ್ಯಾವಣ್ಣ, ಹದಿಮೂರೂಕಾಲು.

ನನ್ನ ನಿರ್ಣಯ ಒಂಬತ್ತು ಜನರಲ್ಲಿ ಒಬ್ಬನಿಗೇ ಲಾಭ ಮಾಡಿಕೊಟ್ಟಿತ್ತು. ಆ ಒಬ್ಬನೇ ಅದರ ವಿರುದ್ಧ ಕೈ ಎತ್ತಿದ್ದ. ಅವನಿಗೆ ನಾನು ಸೋತ ಸಿಟ್ಟು ಎಂದಿದ್ದೆ. ಅಳಲಿಲ್ಲ ಅಣ್ಣ. ಅಳುವುದು ಸುಲಭದ ದಾರಿ ಎಂದು ನೀನೇ ಹೇಳುತ್ತಿದ್ದೆ. ಮಾಡಬೇಕಾದ ಕೆಲಸ ಬೇರೆ ಇತ್ತು.

ಸಭೆಯಲ್ಲಿ ಒಂದು ನಿಮಿಷದ ಮೌನ ಮುಗಿದ ಮೇಲೆ ನಾನು ಎದ್ದೆ. ಆ ನಿರ್ಣಯ ತಪ್ಪು, ಅದನ್ನು ತಂದವಳು ನಾನು, ರೈಫಲ್ಲು ನನಗೆ ಒಂದೂವರೆ ಇಂಚು ಉದ್ದ, ನಾಲ್ಕು ತಿಂಗಳಿಂದ ಸುಳ್ಳೇ ಮಲಗಿ ಸುಳ್ಳೇ ಹೊಡೆಯುತ್ತಿದ್ದೇನೆ, ನಿರ್ಣಯವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಈಗ ಕಲ್ಲು ಬೀಳುತ್ತವೆ ಎಂದುಕೊಂಡೆ.

ಸೆಲ್ವಂ ಎದ್ದು ನಿಂತ. “ಅಕ್ಕಾ, ನನಗೆ ಗಿಡ್ಡ. ಕಣ್ಣು ಹೋಗಿ ಆ ತೂತಿಗೇ ಅಂಟ್ಕೊಳ್ತದೆ. ಯಾರಿಗೂ ಕಾಣದ ಹಾಗೆ ಶರ್ಟ್ ಒಳಗೆ ಟವಲ್ ಮಡಿಸಿ ಇಟ್ಕೊಳ್ತಿದ್ದೆ.”

“ಅಡಪಾವಿ, ಅದಕ್ಕಾ ಪ್ರತಿ ಭಾನುವಾರ ಟವಲು ತರ್ತಿದ್ದೆ? ಬೆವರು ಅಂದ್ಯಲ್ಲೋ” ಎಂದಳು ಮೇರಿಯಕ್ಕ. ಆಮೇಲೆ ತಲೆ ತಗ್ಗಿಸಿ, “ನಂಗೂ ಉದ್ದ ಕೆಂಪಮ್ಮ. ಕಡಿಮೆ ಆಗ್ಲಿ ಅಂತ ಕೋಟಿನ ಭುಜದ ಮೆತ್ತೆ ಬಿಚ್ಚಿ ಹಾಕಿದೀನಿ.”

ಒಬ್ಬೊಬ್ಬರಾಗಿ ಎಂಟೂ ಜನ ಬಾಯಿ ಬಿಟ್ಟರು. ಒಬ್ಬರಿಗೂ ಸರಿಯಿರಲಿಲ್ಲ. ಪ್ರತಿಯೊಬ್ಬರೂ ತಮಗೊಬ್ಬರಿಗೇ ತೊಂದರೆ, ಉಳಿದವರಿಗೆಲ್ಲ ಸರಿಯಾಗಿದೆ, ಶಿಸ್ತು ಮುರಿಯಬಾರದು ಎಂದು ಹಲ್ಲು ಕಚ್ಚಿಕೊಂಡು ಮಲಗಿದ್ದರು. ಬೇರೆ ಯಾವ ಕ್ಲಬ್ಬಿನಲ್ಲಾದರೂ ಮೊದಲ ದಿನವೇ ಯಾರೋ ಒಬ್ಬ, ಇದೇನ್ರೀ ಹೀಗಿದೆ ಎಂದು ಕೂಗಾಡಿರುತ್ತಿದ್ದ. ನಾವು ಮಾತ್ರ… ಶ್ರದ್ಧಾಂಜಲಿ ಸಭೆಯಲ್ಲಿ ಅಷ್ಟು ನಕ್ಕದ್ದು ತಪ್ಪೋ ಸರಿಯೋ. ನಿನ್ನ ಫೋಟೋದ ಮುಂದೆಯೇ ನಕ್ಕೆವು. ಬಂದವರಿಗೆ ಟೀ ಹೊಂದಿಸಲು ಹೊರಗೆ ಹೋಗಿದ್ದ ನಿನ್ನ ಹೆಂಡತಿ ಒಳಗೆ ಬಂದು, “ಏನಾಯ್ತು?” ಎಂದು ಕೇಳಿ, ವಿಷಯ ತಿಳಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಮನೇಲಿ ದಿನಾ ಹೇಳ್ತಿದ್ರು, ಒಬ್ರೂ ಬಾಯಿ ಬಿಡಲ್ವಲ್ಲ ಇವ್ರು ಅಂತ” ಎಂದರು. ನನ್ನನ್ನು ಬೈದುಕೊಳ್ಳುತ್ತಿದ್ದನಾ ಎಂದು ಕೇಳಿದೆ. ಇಲ್ಲವಂತೆ. ಕೆಂಪಮ್ಮನೇ ಒಂದು ದಿನ ಎದ್ದು ಹೇಳ್ತಾಳೆ, ನೋಡ್ತಿರು ಎಂದಿದ್ದೆಯಂತೆ.

ಅಂದು ರಾತ್ರಿ ನಿದ್ದೆ ಬಂತು ಅಣ್ಣ. ಅಷ್ಟು ಬರೆದರೆ ಸಾಕು.

ಮರುವಾರವೇ ಮರವನ್ನು ಎಲ್ಲರಿಗಿಂತ ಗಿಡ್ಡ ಕೈಯ ಅಳತೆಗೆ, ಅಂದರೆ ನನ್ನ ಹನ್ನೊಂದೂಮುಕ್ಕಾಲಿಗೆ, ಕುಯ್ಯಿಸಿದೆವು. ಉಳಿದವರಿಗೆ ಕಾಲಿಂಚು, ಅರ್ಧ ಇಂಚು, ಒಂದಿಂಚಿನ ತೇಗದ ಬಿಲ್ಲೆಗಳು. ಯಾರ ಸರದಿಯೋ ಅವರು ಮರದ ತುದಿಯ ತಟ್ಟೆ ಬಿಚ್ಚಿ, ತಮಗೆ ಬೇಕಾದಷ್ಟು ಬಿಲ್ಲೆ ಇಟ್ಟು, ಉದ್ದನೆಯ ಎರಡು ಸ್ಕ್ರೂ ತಿರುಗಿಸಿಕೊಳ್ಳುವುದು. ಎರಡು ನಿಮಿಷದ ಕೆಲಸ. ಸೆಲ್ವಂಗೆ ಎರಡೂಮುಕ್ಕಾಲು ಇಂಚು ಬಿಲ್ಲೆ ಬೇಕು. ಅವನ ಸರದಿ ಬಂದಾಗ ಮೇರಿಯಕ್ಕ, “ಗೋಪುರ ಕಟ್ಟೋ ಕೆಲಸ ಶುರುವಾಯ್ತು” ಎಂದು ಟೀ ತರಲು ಹೋಗುತ್ತಾಳೆ.

ಷರತ್ತಿನ ದಿನ ಬೆಳಿಗ್ಗೆ ಸೆಕ್ರೆಟರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಕಮಿಟಿಯ ಮೂವರು ಕುರ್ಚಿ ಹಾಕಿಸಿಕೊಂಡು ಕೂತರು. ನಾವು ಬಿಲ್ಲೆ ಹಾಕುವುದನ್ನು ನೋಡಿ ಒಬ್ಬರು ನಕ್ಕರು, ಇನ್ನೊಬ್ಬರು ಎದ್ದು ಬಂದು ಕೈಯಲ್ಲಿ ಹಿಡಿದು ನೋಡಿದರು. ಸೆಲ್ವಂ ಎಂಬತ್ತೊಂದು. ಮೇರಿಯಕ್ಕ ಎಪ್ಪತ್ತಾರು. ಮೂರನೆಯವನು, ಪೇಂಟ್ ಶಾಪಿನ ಬಾಷಾ, ಅರವತ್ತನಾಲ್ಕಕ್ಕೆ ನಿಂತ. ಆಮೇಲಿನ ಇಬ್ಬರೂ ಬಿದ್ದರು. ಉಳಿದವರು ಮೂವರು, ಬೇಕಾದವರು ಇಬ್ಬರು ಎಂದು ಎಣಿಸಿದೆ. ಆರನೆಯವಳು ಕ್ಯಾಂಟೀನಿನ ಸರೋಜ, ಎಪ್ಪತ್ತೆರಡು. ಏಳನೆಯವರು, ನಿವೃತ್ತಿಗೆ ಒಂದು ವರ್ಷ ಉಳಿದಿರುವ ನಮ್ಮ ಗೋಪಾಲಣ್ಣ. ಕನ್ನಡಕ ಒರೆಸಿದರು, ಮಲಗಿದರು, ನಿಧಾನಕ್ಕೆ ಹತ್ತು ಗುಂಡು ಬಿಟ್ಟರು. ಸೆಕ್ರೆಟರಿ ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಎಣಿಸಿದರು. ಎಪ್ಪತ್ತು. ಕಮ್ಮಿಯಿಲ್ಲ, ಜಾಸ್ತಿಯಿಲ್ಲ. ಆ ಮನುಷ್ಯ ಎರಡನೇ ಸಲವೂ ಎಪ್ಪತ್ತೇ ಎಂದರು. ಅದನ್ನೂ ಬರೆಯಬೇಕು, ಅಲ್ಲವಾ?

ಸಾಲು ಸಿಕ್ಕಿತು ದ್ಯಾವಣ್ಣ. ಬರಹದಲ್ಲಿ, ಸೀಲು ಹೊಡೆದು, ಆರನೇ ನಂಬರಿನ ಸಾಲು. ಬಟ್ಟೆ ಬದಲಿಸುವ ಕೋಣೆಯ ಕೀಯೂ ಅದೇ ದಿನ ಸಿಕ್ಕಿತು. ಸೆಕ್ರೆಟರಿಯ ಮೇಜಿನ ಡ್ರಾಯರಿನಲ್ಲೇ ಇತ್ತಂತೆ.

ಎಂಟನೆಯವಳು ನಾನು. ಎಲ್ಲ ಮುಗಿದ ಮೇಲೆ, ಯಾರಿಗೂ ಅಗತ್ಯವಿಲ್ಲದ ಸರದಿ. ಆದರೂ ಮಲಗಿದೆ. ಕಣ್ಣು ಮುಚ್ಚಿ ರೈಫಲ್ಲನ್ನು ಭುಜಕ್ಕೆ ಕೊಟ್ಟು ಕಣ್ಣು ಬಿಟ್ಟೆ. ತೂತು ಕಣ್ಣೆದುರೇ ಇತ್ತು. ತೂತಿನೊಳಗೆ ಆ ಕಪ್ಪು ವೃತ್ತ, ಅದರ ಸುತ್ತ ಬಿಳಿ. ಹತ್ತು ಗುಂಡು. ಆ ಹೊತ್ತು ತಲೆಯೊಳಗೆ ನನ್ನ ಭಾಷಣಗಳ ಸದ್ದೂ ಇರಲಿಲ್ಲ. ಅರವತ್ತೆಂಟು ಬಂತು. ಎಪ್ಪತ್ತಕ್ಕೆ ಎರಡು ಕಮ್ಮಿ. ಮರದ ತಪ್ಪಲ್ಲ, ನಿರ್ಣಯದ ತಪ್ಪಲ್ಲ, ಎರಡು ಸಲ ನಾನೇ ಉಸಿರು ಬಿಗಿಹಿಡಿಯದೆ ಟ್ರಿಗರ್ ಎಳೆದೆ. ಬರೀ ನನ್ನದೇ ತಪ್ಪು. ಅದೆಷ್ಟು ಹಗುರ ಗೊತ್ತಾ ಅಣ್ಣ, ತಿದ್ದಿಕೊಳ್ಳಬಹುದಾದ ತಪ್ಪು?

ಕಾರ್ಖಾನೆಯ ಗುಡಿಸುವ ವಿಭಾಗದಿಂದ ಏಳು ಹೆಂಗಸರು ಹೊಸದಾಗಿ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ನನಗಿಂತ ಗಿಡ್ಡ, ಮರವನ್ನು ಇನ್ನೂ ಸ್ವಲ್ಪ ಕುಯ್ಯಬೇಕಾಗಬಹುದು. ಈ ಸಲ ಮೊದಲು ಅವರನ್ನು ಕೇಳಿ, ಆಮೇಲೆ ಕೈ ಎತ್ತಿಸುತ್ತೇವೆ. ಸಭೆ ಬರುವ ಭಾನುವಾರ, ಆರನೇ ಸಾಲಿನ ಹಿಂದೆ, ಬೆಳಿಗ್ಗೆ ಏಳು ಗಂಟೆಗೆ.

ಕೆಂಪಮ್ಮ